ಗದಗಿನ ಜೋಶಿ, ನಮ್ಮ ಕಾಕಾನ ನೋಟ್‌ಬುಕ್ಕು

ಊರು ಯಾವುದು ಅಂತ ಕೇಳಿದವರಿಗೆ ಗದಗ ಅಂದರೆ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಎರಡು ಉತ್ತರ ಬರುತ್ತವೆ. ಒಂದು, 'ಓ, ಗುಡ್ಡದ ಮೇಲೆ ದೊಡ್ಡ ದೊಡ್ಡ ಫ್ಯಾನ್ ಇವೆಯಲ್ಲ, ಅದೇ ತಾನೆ?' ಇನ್ನೊಂದು, ಸ್ವಲ್ಪ ಸಂಗೀತ ಕೇಳುವವರದು: 'ಭೀಮಸೇನ ಜೋಶಿ ಊರಲ್ವಾ?' ಹೌದು. ಆದರೆ ನಾನು ಬೆಳೆದ ಮನೆಯಲ್ಲಿ 'ಜೋಶಿ' ಅಂತ ಬರೀ ಹೆಸರು ಹೇಳಿದರೆ ಅದು ಹಾಡುವ ಜೋಶಿಯವರಲ್ಲ, ಎಡಗೈಲಿ ಚೆಂಡು ತಿರುಗಿಸುವ ಜೋಶಿ. ಸುನೀಲ್ ಜೋಶಿ.

ಇದಕ್ಕೆ ಕಾರಣ ನಮ್ಮ ಕಾಕಾ. ಕಾಕಾ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ನಮ್ಮೂರಿನಲ್ಲಿ ಪ್ರೆಸ್ಸುಗಳಿಗೇನೂ ಕಡಿಮೆ ಇಲ್ಲ. ಅಲ್ಲಿ ಕತ್ತರಿಸಿ ಉಳಿದ ಕಾಗದ ಹೊಲಿದು ಒಂದು ನೋಟ್‌ಬುಕ್ ಮಾಡಿಕೊಂಡು, ಅದರಲ್ಲಿ ಜೋಶಿ ತೆಗೆದ ವಿಕೆಟ್‌ಗಳನ್ನೆಲ್ಲ ಬರೆದಿಡುತ್ತಿದ್ದ. ಮನೆಯ ಹಾಲಿನ ಲೆಕ್ಕವೂ ಅದರಲ್ಲೇ ಹಿಂದಿನ ಪುಟಗಳಲ್ಲಿ ಇರುತ್ತಿತ್ತು, ಅದು ಬೇರೆ ಮಾತು.

ಆ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದ ಒಂದೇ ಒಂದು ಸಾಲು ಇದೆ. 26 ಸೆಪ್ಟೆಂಬರ್ 1999, ಭಾನುವಾರ, ನೈರೋಬಿ. 10-6-6-5. ಕ್ರಿಕೆಟ್ ಗೊತ್ತಿಲ್ಲದವರಿಗೆ ಬಿಡಿಸಿ ಹೇಳಬೇಕು: ಹತ್ತು ಓವರ್, ಅದರಲ್ಲಿ ಆರು ಮೇಡನ್, ಕೊಟ್ಟದ್ದು ಬರೀ ಆರು ರನ್, ತೆಗೆದದ್ದು ಐದು ವಿಕೆಟ್. ಎದುರಿಗಿದ್ದದ್ದು ದಕ್ಷಿಣ ಆಫ್ರಿಕಾ. ಹ್ಯಾನ್ಸಿ ಕ್ರೋನಿಯೆ, ಜಾಂಟಿ ರೋಡ್ಸ್ ಇದ್ದ ತಂಡ. 117ಕ್ಕೆ ಗಂಟುಮೂಟೆ ಕಟ್ಟಿತು. ಇವತ್ತಿಗೂ ಒಂದು ದಿನದ ಪಂದ್ಯಗಳ ಜಿಪುಣ ಬೌಲಿಂಗ್ ಬಗ್ಗೆ ಮಾತು ಬಂದರೆ ಈ ಅಂಕಿ ಬಂದೇ ಬರುತ್ತದೆ. ಅಂದು ಬೆಟಗೇರಿಯ ನಮ್ಮ ಓಣಿಯಲ್ಲಿ ಸಂಜೆ ಗಿರಮಿಟ್, ಮಿರ್ಚಿ ಹಂಚಿದ್ದರು. ದುಡ್ಡು ಯಾರು ಕೊಟ್ಟರೋ ಗೊತ್ತಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಸುನೀಲ್ ಜೋಶಿ ಹುಟ್ಟಿದ್ದು 6 ಜೂನ್ 1970, ಗದಗದಲ್ಲಿ. ಆಗ ಗದಗ ಜಿಲ್ಲೆ ಅನ್ನೋದೇ ಇರಲಿಲ್ಲ; ಅದಾದದ್ದು 1997ರಲ್ಲಿ. ಅಲ್ಲಿಯವರೆಗೆ ಗದಗ, ಶಿರಹಟ್ಟಿ, ಮುಂಡರಗಿ ಎಲ್ಲ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಲಕ್ಷ್ಮೇಶ್ವರ ಆಗ ಶಿರಹಟ್ಟಿ ತಾಲ್ಲೂಕಿಗೆ ಸೇರಿದ್ದ ಊರು. ದೊಡ್ಡ ಆಸ್ಪತ್ರೆ, ದೊಡ್ಡ ಕಾಲೇಜು, ದೊಡ್ಡ ಕೋರ್ಟು, ಯಾವುದಕ್ಕಾದರೂ ಹುಬ್ಬಳ್ಳಿ-ಧಾರವಾಡದ ಕಡೆ ಮುಖ ಮಾಡಬೇಕಿತ್ತು. ಕ್ರಿಕೆಟ್ಟಿಗೂ ಅಷ್ಟೆ. ಗದಗಿನ ಹುಡುಗ ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಹೋಗಿ, ಪ್ರಾಕ್ಟೀಸ್ ಮುಗಿಸಿ, ಮತ್ತೆ ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಗದಗಕ್ಕೆ ವಾಪಸ್ ಬರುತ್ತಿದ್ದ. ಹೋಗೋಕೆ ಅರವತ್ತು ಕಿಲೋಮೀಟರ್, ಬರೋಕೆ ಅರವತ್ತು. ಜೋಶಿಯ ಬಗ್ಗೆ ಯಾರೇ ಬರೆದರೂ ಇದೊಂದು ಸಂಗತಿಯನ್ನು ಬಿಡುವುದಿಲ್ಲ. ನಾನೂ ಬಿಡಲಿಲ್ಲ ನೋಡಿ. ಆದರೆ ಬರೆಯುವವರು ಇದನ್ನು 'ಛಲ' ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಇದು ಛಲದ ಕಥೆಗಿಂತ ಹೆಚ್ಚಾಗಿ ಒಂದು ಊರಿನ ಕಥೆ ಅನ್ನಿಸುತ್ತದೆ. ಚೆಂಡು ಹೇಗೆ ಹಿಡಿಯಬೇಕು ಅಂತ ತೋರಿಸುವವರಿಗಾಗಿ ಒಬ್ಬ ಹುಡುಗ ದಿನಾ 120 ಕಿಲೋಮೀಟರ್ ಓಡಾಡಬೇಕಿತ್ತು ಅಂದರೆ, ಅಷ್ಟು ಓಡಾಡಲಾಗದೆ ಬಿಟ್ಟ ಹುಡುಗರು ಎಷ್ಟು? ಅವರ ಲೆಕ್ಕ ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ.

1992-93ರಲ್ಲಿ ಕರ್ನಾಟಕ ತಂಡಕ್ಕೆ ಬಂದ. (ಬಹುವಚನದಲ್ಲಿ ಬರೆಯಬೇಕು ಅಂತ ಗೊತ್ತು. ಆದರೆ ನಮ್ಮ ಕಡೆ ಮನೆಯ ಹುಡುಗನಿಗೆ 'ಬಂದರು' ಅನ್ನೋದಿಲ್ಲ. ಕ್ಷಮಿಸಿ.) 1995-96ರ ರಣಜಿ ಋತುವಿನಲ್ಲಿ 500ಕ್ಕಿಂತ ಹೆಚ್ಚು ರನ್, 50ಕ್ಕಿಂತ ಹೆಚ್ಚು ವಿಕೆಟ್. ಒಂದೇ ಋತುವಿನಲ್ಲಿ ಎರಡನ್ನೂ ಮಾಡೋದು ಹುಡುಗಾಟವಲ್ಲ. ಆ ವರ್ಷ ಕರ್ನಾಟಕವೇ ರಣಜಿ ಗೆದ್ದಿತು, ಜೋಶಿಗೆ ಇಂಗ್ಲೆಂಡ್ ಪ್ರವಾಸದ ಟಿಕೆಟ್ ಸಿಕ್ಕಿತು. ಎಜ್‌ಬಾಸ್ಟನ್‌ನಲ್ಲಿ ಮೊದಲ ಟೆಸ್ಟ್ ಶುರುವಾದದ್ದು 1996ರ ಜೂನ್ 6ಕ್ಕೆ. ಹುಟ್ಟುಹಬ್ಬದ ದಿನವೇ ಭಾರತದ ಕ್ಯಾಪ್.

ಆ ಕಾಲವೇ ಹಾಗಿತ್ತು. ಭಾರತ ತಂಡದಲ್ಲಿ ಕನ್ನಡದಲ್ಲೇ ಫೀಲ್ಡಿಂಗ್ ಬದಲಾಯಿಸಬಹುದಿತ್ತು. 1999ರ ಜನವರಿಯಲ್ಲಿ ಚೆನ್ನೈನಲ್ಲಿ ಪಾಕಿಸ್ತಾನದ ವಿರುದ್ಧ ಭಾರತ 12 ರನ್ನಿಂದ ಸೋತ ಆ ಟೆಸ್ಟ್ ನೆನಪಿದೆಯಾ? ಸಚಿನ್ 136 ಹೊಡೆದು ಔಟಾದಾಗ ಬೇಕಿದ್ದದ್ದು ಬರೀ 17. ಆ ತಂಡದಲ್ಲಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್, ಪ್ರಸಾದ್, ಜೋಶಿ, ಐದು ಜನ ನಮ್ಮವರು. ಸಚಿನ್ ಹೋದ ಮೇಲೆ ಕ್ರೀಸಿನಲ್ಲಿ ಉಳಿದಿದ್ದವನು ಜೋಶಿ. ಆಗಲಿಲ್ಲ. ಕಾಕಾನ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿ ಏನೂ ಬರೆದಿಲ್ಲ.

ಎಡಗೈ ಸ್ಪಿನ್ನರ್ ಆಗಿ ಕುಂಬ್ಳೆಯ ಜೊತೆಗೇ ಒಂದೇ ರಾಜ್ಯದಿಂದ ಬರೋದು ಅಂದರೆ ಏನು ಅಂತ ಯೋಚನೆ ಮಾಡಿ. ನಿಮ್ಮ ಟೀಮಿನಲ್ಲಿ ಎಲ್ಲ ಕೆಲಸವನ್ನೂ ನಿಮಗಿಂತ ಚೆನ್ನಾಗಿ ಮಾಡುವ ಒಬ್ಬ ಸೀನಿಯರ್ ಇದ್ದಾನೆ, ಅವನು ರಜೆಯನ್ನೂ ಹಾಕುವುದಿಲ್ಲ. ಒಟ್ಟು 15 ಟೆಸ್ಟ್, 41 ವಿಕೆಟ್. ಒಂದು ದಿನದ ಪಂದ್ಯ 69, ವಿಕೆಟ್ ಕೂಡ 69. ಇಷ್ಟೇ.

ಆದರೆ ಢಾಕಾ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 2000ದ ನವೆಂಬರ್ 10. ಬಾಂಗ್ಲಾದೇಶ ತನ್ನ ಜೀವನದ ಮೊಟ್ಟಮೊದಲ ಟೆಸ್ಟ್ ಆಡಿತು. ಬಂಗಬಂಧು ಸ್ಟೇಡಿಯಂ ತುಂಬ ಜನ. ಅಮೀನುಲ್ ಇಸ್ಲಾಂ 145 ಹೊಡೆದ, ತಂಡ 400 ಮಾಡಿತು. ಹೊಸದಾಗಿ ಮನೆ ಕಟ್ಟಿ ಗೃಹಪ್ರವೇಶ ಮಾಡಿದವರ ಸಂಭ್ರಮ ಹೇಗಿರುತ್ತೆ, ಹಾಗಿತ್ತು. ಸೌರವ್ ಗಂಗೂಲಿಗೂ ನಾಯಕನಾಗಿ ಅದು ಮೊದಲ ಟೆಸ್ಟ್, ಅವನ ಮುಖದಲ್ಲಿ ನಗು ಇರಲಿಲ್ಲ. ಆ ಸಂಭ್ರಮಕ್ಕೆ ನೀರು ಹಾಕಿದ್ದು ನಮ್ಮ ಗದಗಿನವನು. ಮೊದಲ ಇನ್ನಿಂಗ್ಸಿನಲ್ಲಿ ಐದು ವಿಕೆಟ್, ಆಮೇಲೆ ಬ್ಯಾಟ್ ಹಿಡಿದು 92, ಎರಡನೇ ಇನ್ನಿಂಗ್ಸಿನಲ್ಲಿ ಮತ್ತೆ ಮೂರು. ಬಾಂಗ್ಲಾ 91ಕ್ಕೆ ಆಲೌಟ್. ಭಾರತ 9 ವಿಕೆಟ್ಟಿಂದ ಗೆದ್ದಿತು, ಪಂದ್ಯಶ್ರೇಷ್ಠ ಜೋಶಿ.

ಅದಾದ ಮೇಲೆ ಎಷ್ಟು ಟೆಸ್ಟ್ ಆಡಿದ ಗೊತ್ತಾ? ಎರಡು. ಅದೇ ತಿಂಗಳು ಜಿಂಬಾಬ್ವೆ ವಿರುದ್ಧ. 2001ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ಬಂತು, ಹರ್ಭಜನ್ ಮೂರು ಟೆಸ್ಟಿನಲ್ಲಿ 32 ವಿಕೆಟ್ ತೆಗೆದ, ಬಾಗಿಲು ಮುಚ್ಚಿತು. ಮೂವತ್ತೊಂದೂ ತುಂಬಿರಲಿಲ್ಲ.

ಇಲ್ಲಿಂದ ಮುಂದೆ ಜೋಶಿ ಕರ್ನಾಟಕಕ್ಕೆ ಬೌಲ್ ಮಾಡುತ್ತಲೇ ಹೋದ. ಪ್ರಥಮ ದರ್ಜೆಯಲ್ಲಿ 160 ಪಂದ್ಯ, 615 ವಿಕೆಟ್, 5,000ಕ್ಕೂ ಹೆಚ್ಚು ರನ್. ಟಿವಿಯಲ್ಲಿ ಬರದ ಪಂದ್ಯಗಳು, ಖಾಲಿ ಸ್ಟ್ಯಾಂಡುಗಳು. ಕಾಕಾನ ನೋಟ್‌ಬುಕ್ಕೂ ಆ ಕಡೆಯ ಪುಟಕ್ಕೆ ಬಂದಿತ್ತು. ಜೋಶಿ ರಿಟೈರ್ ಆದ ಅಂತ ಪೇಪರಿನಲ್ಲಿ ಬಂದ ದಿನ ಕೆಳಗೆ ಎರಡು ಗೀಟು ಎಳೆದು ಮೊತ್ತ ಬರೆದ. ಮುಗೀತು ಅಂದ.

ಮುಗಿದಿರಲಿಲ್ಲ. ನನ್ನ ಪ್ರಕಾರ ಜೋಶಿಯ ಕಥೆ ನಿಜವಾಗಿ ಶುರುವಾಗೋದೇ ಇಲ್ಲಿ, ಮತ್ತು ಅದನ್ನು ಬರೆಯೋದು ಕಷ್ಟ ಆಗೋದೂ ಇಲ್ಲೇ. ಆಟಗಾರನ ಇತಿಹಾಸ ಬರೆಯೋದು ಸುಲಭ. ಸ್ಕೋರ್‌ಕಾರ್ಡ್ ತೆಗೆದರೆ ಆಯಿತು. ಕೋಚ್‌ಗೆ ಅಲ್ಲಿ ಒಂದು ಸಾಲೂ ಇಲ್ಲ. ಗೆದ್ದರೆ ಹುಡುಗರು ಆಡಿದರು, ಸೋತರೆ ಕೋಚ್ ಏನು ಮಾಡ್ತಿದ್ದ ಅಂತ ಕೇಳ್ತಾರೆ.

ಹೈದರಾಬಾದ್ ತಂಡಕ್ಕೆ ಕೋಚ್ ಆಗಿದ್ದ. 2014-15ಕ್ಕೆ ಜಮ್ಮು-ಕಾಶ್ಮೀರ. ಅಲ್ಲಿನ ಪರಿಸ್ಥಿತಿ ನೆನಪಿಸಿಕೊಳ್ಳಿ. 2014ರ ಸೆಪ್ಟೆಂಬರಿನಲ್ಲಿ ಝೀಲಂ ಉಕ್ಕಿ ಶ್ರೀನಗರ ಮುಳುಗಿತ್ತು. ಶೇರ್-ಎ-ಕಾಶ್ಮೀರ್ ಸ್ಟೇಡಿಯಂ ನೀರಿನ ಕೆಳಗೆ. ಹುಡುಗರ ಮನೆಗಳೇ ಇಲ್ಲದಿದ್ದಾಗ ಪಿಚ್ ಎಲ್ಲಿಂದ ಬರಬೇಕು? ನೀರು ಇಳಿಯುವಷ್ಟರಲ್ಲಿ ಚಳಿ, ಆಮೇಲೆ ಹಿಮ. ಕಣಿವೆಯ ಹುಡುಗರಿಗೆ ಬ್ಯಾಟ್ ಹಿಡಿದು ಮೈದಾನಕ್ಕೆ ಇಳಿಯೋಕೆ ವರ್ಷದಲ್ಲಿ ಸಿಗೋ ತಿಂಗಳುಗಳೇ ಕಡಿಮೆ. ಜೋಶಿಗಿಂತ ಮೊದಲು ಇದೇ ತಂಡವನ್ನು ತಿದ್ದಲು ಹೋಗಿದ್ದವರು ಬಿಷನ್ ಸಿಂಗ್ ಬೇಡಿ. ಅವರೂ ಎಡಗೈ ಸ್ಪಿನ್ನರ್. ಎಡಗೈ ಸ್ಪಿನ್ನರುಗಳಿಗೂ ಕಾಶ್ಮೀರಕ್ಕೂ ಏನೋ ಋಣ ಇರಬೇಕು.

ಡಿಸೆಂಬರ್ 7ಕ್ಕೆ ಈ ತಂಡ ಮುಂಬೈಗೆ ಬಂದು ವಾಂಖೆಡೆಯಲ್ಲಿ ಇಳಿಯಿತು. ಎದುರಿಗೆ 40 ಸಲ ರಣಜಿ ಗೆದ್ದ ಮುಂಬೈ. ನಾಲ್ಕನೇ ದಿನ ಪರ್ವೇಜ್ ರಸೂಲ್‌ನ ಹುಡುಗರು ನಾಲ್ಕು ವಿಕೆಟ್ಟಿಂದ ಗೆದ್ದರು. ಶುಭಂ ಖಜೂರಿಯಾ ಅನ್ನೋ ಹತ್ತೊಂಬತ್ತರ ಹುಡುಗ ಒಂದು ಇನ್ನಿಂಗ್ಸಿನಲ್ಲಿ 107, ಇನ್ನೊಂದರಲ್ಲಿ 78 ಹೊಡೆದಿದ್ದ. ನಾನು ಖುಷಿಯಿಂದ ಊರಿಗೆ ಫೋನ್ ಮಾಡಿ, 'ಕಾಕಾ, ಜೋಶಿ ಟೀಮು ಮುಂಬೈಗೆ ಸೋಲಿಸ್ತು' ಅಂದೆ.

'ಹೌದಾ! ಎಷ್ಟ ವಿಕೆಟ್ ತಗೊಂಡ್ನೋ ತಮ್ಮಾ?'

'ಅಂವ ಆಡ್ಲಿಲ್ಲ ಕಾಕಾ. ಕಲಿಸ್ಯಾನ.'

'ಮತ್ತ ನಾ ಏನ್ ಬರೀಲಿ?'

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕಂದರೆ ಆ ಋತುವಿನಲ್ಲಿ ಜಮ್ಮು-ಕಾಶ್ಮೀರ ನಾಕೌಟ್‌ಗೂ ಹೋಗಲಿಲ್ಲ, ಸೋತ ಮುಂಬೈ ಸೆಮಿಫೈನಲ್‌ವರೆಗೆ ಹೋಯಿತು. ಸಿನಿಮಾದಲ್ಲಾದರೆ ಕೋಚ್ ಬಂದ ವರ್ಷವೇ ಕಪ್ ಎತ್ತುತ್ತಾರೆ.

ಮುಂದೆ ಓಮಾನ್. ಅಲ್ಲಿನ ತಂಡದಲ್ಲಿ ಹೆಚ್ಚಿನವರು ಹಗಲು ಕಂಪನಿ ಕೆಲಸ, ಆಮೇಲೆ ಪ್ರಾಕ್ಟೀಸ್ ಮಾಡುತ್ತಿದ್ದವರು. ಸಂಜೆ ಆರರ ಮೇಲೆ ಬದುಕು ಶುರು ಮಾಡುವ ನಮ್ಮಂಥವರಿಗೆ ಇದು ಅರ್ಥವಾಗುತ್ತದೆ. 2016ರ ಟಿ-20 ವಿಶ್ವಕಪ್ಪಿನಲ್ಲಿ ಜೋಶಿ ಅವರ ಸ್ಪಿನ್ ಕೋಚ್. ಧರ್ಮಶಾಲಾದಲ್ಲಿ ಆ ತಂಡ ಐರ್ಲೆಂಡನ್ನು ಎರಡು ವಿಕೆಟ್ಟಿಂದ ಸೋಲಿಸಿತು. ಅಸ್ಸಾಂ ತಂಡಕ್ಕೂ ಕಲಿಸಿದ. ಪಟ್ಟಿ ನೋಡಿದರೆ ಒಂದು ವಿಷಯ ಕಾಣುತ್ತೆ: ಹಸಿರು ಹುಲ್ಲು, ದುಡ್ಡು, ಕ್ಯಾಮೆರಾ ಇರುವ ಕಡೆಗಿಂತ ಹುಬ್ಬಳ್ಳಿಗೆ ರೈಲು ಹಿಡಿಯಬೇಕಾದಂಥ ಕಡೆಗಳೇ ಹೆಚ್ಚು.

ಮತ್ತೆ 2017ರ ಆಗಸ್ಟ್. ಬಾಂಗ್ಲಾದೇಶಕ್ಕೆ ಸ್ಪಿನ್ ಕೋಚ್ ಬೇಕಿತ್ತು. ಕರೆದದ್ದು ಯಾರನ್ನ? ಹದಿನೇಳು ವರ್ಷದ ಹಿಂದೆ ಗೃಹಪ್ರವೇಶದ ದಿನ ಬಂದು ಎಂಟು ವಿಕೆಟ್ ಕಿತ್ತುಕೊಂಡು ಹೋದವನನ್ನ. ಅವನು ಸೇರಿದ ಅದೇ ತಿಂಗಳ ಕೊನೆಗೆ ಮೀರ್‌ಪುರದಲ್ಲಿ ಬಾಂಗ್ಲಾ ಆಸ್ಟ್ರೇಲಿಯಾವನ್ನು 20 ರನ್ನಿಂದ ಸೋಲಿಸಿತು, ಶಕೀಬ್ ಹತ್ತು ವಿಕೆಟ್. ಇದನ್ನು ಜೋಶಿಯ ಖಾತೆಗೆ ಹಾಕೋದು ತಪ್ಪಾಗುತ್ತೆ. ಕೆಲವೇ ದಿನದಲ್ಲಿ ಯಾರೂ ಶಕೀಬ್‌ನನ್ನು ತಯಾರು ಮಾಡೋಕಾಗಲ್ಲ.

ಆದರೆ ಒಂದು ವರ್ಷದ ಮೇಲೆ, 2018ರ ನವೆಂಬರ್-ಡಿಸೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ಬಂದಾಗ ಆದದ್ದು ಬೇರೆ ಥರ. ಎರಡು ಟೆಸ್ಟ್, ಎರಡೂ ಬಾಂಗ್ಲಾ ಗೆದ್ದಿತು. ಚಟ್ಟೋಗ್ರಾಮದಲ್ಲಿ ನಯೀಮ್ ಹಸನ್ ಅನ್ನೋ ಹದಿನೇಳರ ಹುಡುಗ ಮೊದಲ ಟೆಸ್ಟಿನಲ್ಲೇ ಐದು ವಿಕೆಟ್ ತೆಗೆದ. ಮೀರ್‌ಪುರದಲ್ಲಿ ಮೆಹಿದಿ ಹಸನ್ ಒಬ್ಬನೇ 12. ಬಾಂಗ್ಲಾ ತನ್ನ ಚರಿತ್ರೆಯಲ್ಲಿ ಮೊದಲ ಸಲ ಇನ್ನಿಂಗ್ಸ್ ಅಂತರದಿಂದ ಗೆದ್ದಿತು. ಸರಣಿಯಲ್ಲಿ ಬಿದ್ದ ನಲವತ್ತು ವಿಕೆಟ್‌ಗಳೂ ಸ್ಪಿನ್ನರುಗಳಿಗೇ. ನಲವತ್ತಕ್ಕೆ ನಲವತ್ತು.

2019ರ ವಿಶ್ವಕಪ್ ಆದ ಮೇಲೆ ಆ ಕೆಲಸ ಮುಗಿಯಿತು. 2020ರ ಮಾರ್ಚಿನಲ್ಲಿ ಭಾರತದ ಆಯ್ಕೆ ಸಮಿತಿಗೆ ಅಧ್ಯಕ್ಷನಾದ, ಡಿಸೆಂಬರಿನಲ್ಲಿ ಆ ಕುರ್ಚಿ ಚೇತನ್ ಶರ್ಮಾಗೆ ಹೋಯಿತು, ಜೋಶಿ ಸದಸ್ಯನಾಗಿ ಉಳಿದ. ನಡುವೆ ಆಸ್ಟ್ರೇಲಿಯಾ ಪ್ರವಾಸಕ್ಕೆ ತಂಡ ಆರಿಸಿದ್ದು ಅವನ ಸಮಿತಿಯೇ. ಗಾಬಾ ಗೆದ್ದ ಆ ಪ್ರವಾಸ. 2023ರಲ್ಲಿ ಪಂಜಾಬ್ ಕಿಂಗ್ಸ್‌ನ ಸ್ಪಿನ್ ಕೋಚ್ ಆದಾಗ ಮಾತ್ರ ಆಫೀಸಿನ ಹುಡುಗರು, 'ಡಗೌಟ್‌ನಲ್ಲಿ ಕೂತಿರೋ ಅವರು ನಿಮ್ಮೂರವರಾ?' ಅಂತ ಕೇಳೋಕೆ ಶುರು ಮಾಡಿದರು.

ಕಳೆದ ಸಲ ಹಂಪಿ ಎಕ್ಸ್‌ಪ್ರೆಸ್ಸಿಗೆ ಊರಿಗೆ ಹೋದಾಗ ಕಾಕಾನಿಗೆ ಈ ನಲವತ್ತು ವಿಕೆಟ್ಟಿನ ವಿಷಯ ಕೂತು ಬಿಡಿಸಿ ಹೇಳಿದೆ. ಕಾಕಾಗೆ ಈಗ ಕಣ್ಣು ಅಷ್ಟಕ್ಕಷ್ಟೆ. ನೋಟ್‌ಬುಕ್ ತರಿಸಿ, ಎರಡು ಗೀಟಿನ ಪುಟ ಹುಡುಕಿಸಿದ.

'ಟೆಸ್ಟಿನ್ಯಾಗ ಅವಂದು ಎಷ್ಟ ಐತಿ?'

'ನಲವತ್ತೊಂದು.'

'ಹಂಗಾರ ಕೆಳಗ ಆ ನಲವತ್ತೂ ಬರಿ.'

'ಹಂಗ ಬರಿಯಾಕ ಬರೂದಿಲ್ಲ ಕಾಕಾ. ಅವು ಆ ಹುಡುಗರವು.'

'ಗೊತ್ತೈತಿ. ಪೆನ್ಸಿಲ್ಲೀಲೆ ಬರಿ' ಅಂದ.