ಕಾವಲುಗಾರ ತಪ್ಪಿದಾಗ

ಈ ಪುಸ್ತಕದಲ್ಲಿ ಗುಡಿಯ ಇತಿಹಾಸ, ಮನೆತನದ ಇತಿಹಾಸ ಬರೆಯುವವರು ಇದ್ದಾರೆ. ನಾನು ಬರೆಯಲು ಹೊರಟಿರುವುದು ನಮ್ಮ ವಾಚನಾಲಯದ ಕಂಪ್ಯೂಟರಿನಲ್ಲಿ ಆದ ಒಂದು ತಪ್ಪಿನ ಇತಿಹಾಸ. ಇದೇನು ಇತಿಹಾಸ ಅಂತ ನಗಬ್ಯಾಡ್ರಿ. ಆ ತಪ್ಪಿನಿಂದ ಹನ್ನೊಂದು ಬೀಸುವ ಪದಗಳು ಹೋದವು. ಅವನ್ನು ಹಾಡಿದ ಆಯಿ ಈಗ ಇಲ್ಲ.

ನಮ್ಮ ಕವಲಾಪುರ ಸಾಂಗ್ಲಿಯಿಂದ ತಾಸಗಾಂವಕ್ಕೆ ಹೋಗುವ ರಸ್ತೆಯ ಮೇಲಿನ ಊರು. ಓಣಿಯ ಮಾತು ಮರಾಠಿ, ಕೆಲವು ಮನೆಗಳ ಒಳಗಿನ ಮಾತು ಕನ್ನಡ. ಹೀಗಾಗಿ ಹಳೆಯ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕಲಿತ ಕನ್ನಡ ಪದಗಳು ಅವರ ಬಾಯಲ್ಲೇ ಉಳಿದಿದ್ದವು, ಎಲ್ಲಿಯೂ ಅಚ್ಚಾಗಿರಲಿಲ್ಲ. ಶಾಲೆಯಿಂದ ನಿವೃತ್ತನಾದ ಮೇಲೆ ನಾನು ಅವನ್ನು ಕೇಳಿ ಬರೆದುಕೊಂಡು, ವಾಚನಾಲಯದಲ್ಲಿ ಕುಳಿತು ಟೈಪು ಮಾಡುತ್ತಿದ್ದೆ. ಯಾರಾದರೂ ತಿಳಿಯದೆ ತಿದ್ದಿಯಾರು ಎಂಬ ಹೆದರಿಕೆಯಿಂದ ಫೈಲುಗಳನ್ನು ಒಂದು ಜಿಪ್ ಗಂಟಿನಲ್ಲಿ ಕಟ್ಟಿ ಪಾಸ್‌ವರ್ಡ್ ಹಾಕಿಟ್ಟೆ. ಟೈಪು ಆಯಿತಲ್ಲ ಎಂದು ಬರೆದುಕೊಂಡ ವಹಿಯನ್ನು ರದ್ದಿಗೆ ಹಾಕಿದೆ. ಅದು ನನ್ನ ಮೊದಲನೆಯ ತಪ್ಪು.

ಒಂದು ದಿನ ಆಂಟಿವೈರಸ್ ಇಡೀ ಯಂತ್ರದ ತಪಾಸಣೆ ಮಾಡಿ ಕೆಂಪು ಅಕ್ಷರದಲ್ಲಿ ವರದಿ ಕೊಟ್ಟಿತು. ನಾವು ಕನ್ನಡ ಟೈಪಿಗೆ ಬಳಸುವ ತಂತ್ರಾಂಶ ‘ಅಪಾಯಕಾರಿ’ ಅಂತ ಒಂದು ಸಾಲು. ಅದರ ಕೆಳಗೆ ‘ತಪಾಸಣೆ ಮಾಡಲಾಗಲಿಲ್ಲ’ ಅಂತ ನಾಲ್ಕು ಫೈಲುಗಳ ಹೆಸರು. ಅವುಗಳಲ್ಲಿ ನನ್ನ ಗಂಟೂ ಒಂದು. ಅಂದು ಯಂತ್ರದ ಮುಂದೆ ಇದ್ದವನು ಕಾಲೇಜಿಗೆ ಹೋಗುವ ಒಬ್ಬ ಒಳ್ಳೆಯ ಹುಡುಗ. ಎಲ್ಲವನ್ನೂ ಅಳಿಸಿಬಿಟ್ಟ. ನನಗೆ ಗೊತ್ತಾಗಿದ್ದು ಹದಿನೈದು ದಿನದ ಮೇಲೆ.

“ಮಾಸ್ತರ್ರ, ಎಲ್ಲಾ ವೈರಸ್ ಇತ್ತರಿ. ನಾ ಸ್ವಚ್ಛ ಮಾಡೀನಿ” ಅಂದ.

ಸಾಂಗ್ಲಿಯಲ್ಲಿ ರಿಪೇರಿ ಮಾಡುವವರಿಗೆ ತೋರಿಸಿದೆವು. ಅಳಿಸಿದ ಫೈಲು ತಕ್ಷಣ ಮಾಯವಾಗುವುದಿಲ್ಲ, ಆದರೆ ಆ ಜಾಗ ಖಾಲಿ ಅಂತ ಯಂತ್ರ ಬರೆದುಕೊಳ್ಳುತ್ತದೆ. ಹದಿನೈದು ದಿನದಲ್ಲಿ ಅದರ ಮೇಲೆ ಬೇರೆ ಫೈಲುಗಳು ಬಂದು ಕುಳಿತಿದ್ದವು. ಒಬ್ಬ ಶಿಕ್ಷಕಿಯ ಪೆನ್ ಡ್ರೈವಿನಲ್ಲಿ ಹಳೆಯ ಪ್ರತಿ ಸಿಕ್ಕಿತು. ಕೊನೆಯ ಹನ್ನೊಂದು ಪದ ಅದರಲ್ಲಿ ಇರಲಿಲ್ಲ.

ಆಮೇಲೆ ನಾನು ಈ ಕಾವಲುಗಾರನ ಚರಿತ್ರೆಯನ್ನೇ ಓದಲು ಶುರು ಮಾಡಿದೆ.

ನಮ್ಮ ಮನೆಯಲ್ಲಿ ಇಡುವಂಥ ಸಣ್ಣ ಕಂಪ್ಯೂಟರುಗಳಿಗೆ ತಗುಲಿದ ಮೊದಲ ಪ್ರಸಿದ್ಧ ವೈರಸ್ ‘ಬ್ರೇನ್’. 1986ರಲ್ಲಿ ಲಾಹೋರದ ಇಬ್ಬರು ಅಣ್ಣತಮ್ಮಂದಿರು ಬರೆದದ್ದು. ಅದು ಫ್ಲಾಪಿಯಿಂದ ಫ್ಲಾಪಿಗೆ ಹಬ್ಬುತ್ತಿತ್ತು. ಅದರೊಳಗೆ ಅವರ ಹೆಸರು, ವಿಳಾಸ, ಫೋನ್ ನಂಬರು ಸಹ ಇದ್ದವು. ಇಂಥವನ್ನು ಹಿಡಿಯುವ ತಂತ್ರಾಂಶಗಳು ಬೆನ್ನಿಗೇ ಬಂದವು. ನಮ್ಮ ಪಕ್ಕದ ಸಾತಾರಾ ಜಿಲ್ಲೆಗೂ ಈ ಕತೆಯಲ್ಲಿ ಪಾಲಿದೆ. ಮಿರಜದಿಂದ ಪುಣೆಗೆ ರೈಲಿನಲ್ಲಿ ಹೋದವರು ರಹಿಮತಪುರ ಸ್ಟೇಶನ್ ನೋಡಿರುತ್ತೀರಿ. ಆ ಕಡೆಯ ಮನೆತನದ ಕೈಲಾಶ್ ಕಾಟಕರ್ ಹತ್ತನೆಯ ತರಗತಿಯ ಮೇಲೆ ಓದು ಬಿಟ್ಟು ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿಗೆ ನಿಂತರು. 1990ರ ದಶಕದಲ್ಲಿ, ರಿಪೇರಿಗೆ ಬಂದ ಕಂಪ್ಯೂಟರುಗಳಲ್ಲಿ ವೈರಸ್ ಕಾಣಿಸತೊಡಗಿದಾಗ ಅವರ ತಮ್ಮ ಸಂಜಯ್ ಅದಕ್ಕೆ ಮದ್ದಿನ ತಂತ್ರಾಂಶ ಬರೆದರು. ಅದೇ ಮುಂದೆ ‘ಕ್ವಿಕ್ ಹೀಲ್’ ಎಂಬ ದೊಡ್ಡ ಕಂಪನಿ ಆಯಿತು.

ಈ ಕಾವಲುಗಾರ ಕಳ್ಳನನ್ನು ಗುರುತಿಸುವುದು ಹೇಗೆ? ಮೊದಲಿನ ರೀತಿ ಬಹಳ ಸರಳ. ಸಿಕ್ಕಿಬಿದ್ದ ಒಂದೊಂದು ವೈರಸ್ಸಿನಿಂದ ಒಂದು ಗುರುತಿನ ತುಣುಕು ತೆಗೆದು ಪಟ್ಟಿ ಮಾಡುವುದು, ಪ್ರತಿ ಫೈಲಿನಲ್ಲಿ ಆ ತುಣುಕು ಇದೆಯೇ ಎಂದು ಹುಡುಕುವುದು. ಪೊಲೀಸರು ‘ಹಣೆಯ ಮೇಲೆ ಗಾಯದ ಗುರುತು’ ಅಂತ ಬರೆದುಕೊಂಡಂತೆ. ಆದರೆ ಹಣೆಯ ಮೇಲೆ ಗಾಯ ಇರುವವರೆಲ್ಲ ಕಳ್ಳರಲ್ಲ. ವೈರಸ್‌ಗಳು ಹೆಚ್ಚಾಗಿ ವೇಷ ಬದಲಿಸತೊಡಗಿದ ಮೇಲೆ, ನಡತೆ ನೋಡಿ ಸಂಶಯ ಪಡುವ ಎರಡನೆಯ ರೀತಿ ಬಂತು. ನಮ್ಮ ಟೈಪಿನ ತಂತ್ರಾಂಶಕ್ಕೆ ಕುತ್ತು ಬಂದದ್ದು ಇಲ್ಲಿಯೇ ಇರಬೇಕು. ನಾವು ‘ಕ’ ಬರೆಯಲು ಇಂಗ್ಲಿಷ್ ಗುಂಡಿ ಒತ್ತುತ್ತೇವೆ. ತಂತ್ರಾಂಶ ಆ ಒತ್ತನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರ ಮಾಡಿ ಮುಂದೆ ಕಳಿಸುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಹೀಗೆಯೇ ಗುಂಡಿಯ ಪ್ರತಿ ಒತ್ತನ್ನು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರದೂ ಒಂದೇ ನಡತೆ. ಲಕ್ಷಾಂತರ ಜನ ಬಳಸುವ ತಂತ್ರಾಂಶವಾದರೆ ಆಂಟಿವೈರಸ್ ಕಂಪನಿಗೆ ಅದರ ಪರಿಚಯ ಇರುತ್ತದೆ. ಸಣ್ಣ ಭಾಷೆಯ ಹಳೆಯ ತಂತ್ರಾಂಶದ ಪರಿಚಯ ಯಾರಿಗೆ ಇರಬೇಕು?

ಹಾಗಂತ ದೊಡ್ಡವರಿಗೆ ಈ ಏಟು ಬಿದ್ದಿಲ್ಲ ಅಂತಲ್ಲ. 2007ರ ಮೇ 18ರಂದು ಸಿಮ್ಯಾಂಟೆಕ್ ಕಂಪನಿಯ ನಾರ್ಟನ್ ಆಂಟಿವೈರಸ್, ವಿಂಡೋಸ್ ಎಕ್ಸ್‌ಪಿಯ ಚೀನೀ ಭಾಷೆಯ ಆವೃತ್ತಿಯಲ್ಲಿದ್ದ ಎರಡು ಮುಖ್ಯ ಫೈಲುಗಳನ್ನು ವೈರಸ್ ಎಂದು ತಿಳಿದು ತೆಗೆದುಹಾಕಿತು. ಚೀನಾದಲ್ಲಿ ಸಾವಿರಾರು ಕಂಪ್ಯೂಟರುಗಳು ಮತ್ತೆ ಶುರುವಾಗಲಿಲ್ಲ. ಇಂಗ್ಲಿಷ್ ಆವೃತ್ತಿಗೆ ಏನೂ ಆಗಲಿಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಕಂಪನಿ ಕಳಿಸಿದ ಹೊಸ ಪಟ್ಟಿ ವಿಂಡೋಸ್ ಎಕ್ಸ್‌ಪಿಯ ‘ಎಸ್‌ವಿಸಿಹೋಸ್ಟ್’ ಎಂಬ ಬೇಕೇ ಬೇಕಾದ ಫೈಲನ್ನು ವೈರಸ್ ಅಂತು. ಯಂತ್ರಗಳು ತಾವಾಗಿ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತವು. ಅಮೆರಿಕದ ಆಸ್ಪತ್ರೆಗಳಲ್ಲಿ ಕೆಲಸ ಕೆಟ್ಟಿತು, ಆಸ್ಟ್ರೇಲಿಯಾದಲ್ಲಿ ಅಂಗಡಿಗಳ ಗಲ್ಲಾ ಮುಚ್ಚಿದವು. ಕಂಪನಿ ಕೆಲವೇ ತಾಸುಗಳಲ್ಲಿ ಪಟ್ಟಿ ಹಿಂತೆಗೆದುಕೊಂಡಿತು, ಅಷ್ಟರಲ್ಲಿ ಆಗುವುದು ಆಗಿತ್ತು.

2012ರ ಸೆಪ್ಟೆಂಬರ್ 19ರ ಪ್ರಸಂಗ ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಹೇಳಿತು. ಸೋಫೋಸ್ ಎಂಬ ಆಂಟಿವೈರಸ್ ತನ್ನದೇ ಅಪ್‌ಡೇಟ್ ತರುವ ಭಾಗವನ್ನು ವೈರಸ್ ಎಂದು ಹಿಡಿಯಿತು. ಸಂಶಯದ ಫೈಲನ್ನು ಹಾಗೆಯೇ ತಡೆದು ಇಟ್ಟವರಿಗೆ ಅದನ್ನು ಸರಿಪಡಿಸಿಕೊಳ್ಳಲು ದಾರಿ ಇತ್ತು. ‘ಅಳಿಸು’ ಅಂತ ಮೊದಲೇ ಹೇಳಿಟ್ಟವರ ಯಂತ್ರದಲ್ಲಿ, ತಿದ್ದುಪಡಿಯನ್ನು ಹೊತ್ತು ತರಬೇಕಾದ ಆಳನ್ನೇ ಅಳಿಸಿದಂತೆ ಆಯಿತು.

ಇನ್ನು ‘ತಪಾಸಣೆ ಮಾಡಲಾಗಲಿಲ್ಲ’ ಎಂಬ ಸಾಲು. ನಮ್ಮ ಹುಡುಗ ಅದನ್ನು ‘ರೋಗ ಇದೆ’ ಅಂತ ಓದಿದ. ಬೇರೆ ಕೆಲವರು ‘ರೋಗ ಇಲ್ಲ’ ಅಂತ ಓದುತ್ತಾರೆ. ಎರಡೂ ತಪ್ಪು. ಕಾವಲುಗಾರನಿಗೆ ಆ ಕೋಣೆಯ ಬಾಗಿಲು ತೆರೆಯಲಿಲ್ಲ, ಒಳಗೆ ಏನಿದೆ ಅವನಿಗೆ ಗೊತ್ತಿಲ್ಲ, ಅಷ್ಟೇ ಅದರ ಅರ್ಥ. ಪಾಸ್‌ವರ್ಡ್ ಹಾಕಿದ ಗಂಟು, ಅರ್ಧ ಕೆಟ್ಟ ಫೈಲು, ಅತಿ ದೊಡ್ಡ ಫೈಲು, ವಿಂಡೋಸ್ ತಾನೇ ಆ ಹೊತ್ತಿಗೆ ಕೈಯಲ್ಲಿ ಹಿಡಿದುಕೊಂಡ ಫೈಲು, ಇವು ಸಾಮಾನ್ಯವಾಗಿ ಈ ಪಟ್ಟಿಯಲ್ಲಿ ಬರುತ್ತವೆ. ಹೆಚ್ಚಿನವು ನಿರಪರಾಧಿಗಳು. ಆದರೆ ಕಳ್ಳರಿಗೂ ಈ ಕೋಣೆ ಗೊತ್ತು. 2004ರಲ್ಲಿ ‘ಬೇಗಲ್’ ಎಂಬ ವೈರಸ್ ತನ್ನನ್ನೇ ಪಾಸ್‌ವರ್ಡ್ ಗಂಟಿನಲ್ಲಿ ಕಟ್ಟಿಕೊಂಡು ಈಮೇಲಿನಲ್ಲಿ ಬಂತು, ಪಾಸ್‌ವರ್ಡನ್ನು ಅದೇ ಪತ್ರದಲ್ಲಿ ಬರೆದಿತ್ತು. ಆಂಟಿವೈರಸ್‌ಗಳು ಪತ್ರ ಓದಿ ಗಂಟು ಬಿಚ್ಚಲು ಕಲಿತಾಗ, ಅದು ಪಾಸ್‌ವರ್ಡನ್ನು ಅಕ್ಷರದ ಬದಲು ಚಿತ್ರವಾಗಿ ಕಳಿಸಿತು. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ, ಈ ಗಂಟು ಕಟ್ಟಿದವರು ಯಾರು? ನಾವೇ ಕಟ್ಟಿದ್ದರೆ ಬಿಚ್ಚಿ, ಒಳಗಿನ ಫೈಲುಗಳನ್ನು ತಪಾಸಣೆಗೆ ಕೊಟ್ಟರೆ ಆಯಿತು. ಅಪರಿಚಿತರು ಕಳಿಸಿದ್ದಾದರೆ ಬಿಚ್ಚಲೇಬಾರದು.

ಕೊರೊನಾ ಕಾಲದ ಕ್ವಾರಂಟೈನ್ ನಮಗೆಲ್ಲ ನೆನಪಿದೆ. ಮುಂಬೈ, ಪುಣೆಯಿಂದ ಬಂದವರು ಕೆಲವು ದಿನ ಬೇರೆ ಇರಬೇಕಾಗಿತ್ತು. ಅವರಿಗೆ ರೋಗ ಇದೆ ಅಂತ ಯಾರೂ ಹೇಳಿರಲಿಲ್ಲ. ದಿನ ತುಂಬಿದ ಮೇಲೆ ಮನೆಗೆ ಬಂದರು. ಆಂಟಿವೈರಸ್ಸಿನಲ್ಲಿಯೂ ಇದೇ ಹೆಸರಿನ ಜಾಗ ಇದೆ. ಅಲ್ಲಿ ಇಟ್ಟ ಫೈಲು ಯಾರಿಗೂ ಕೇಡು ಮಾಡುವುದಿಲ್ಲ, ಬೇಕಾದರೆ ಹಿಂದಕ್ಕೂ ಬರುತ್ತದೆ.

ಈಗ ನಮ್ಮ ವಾಚನಾಲಯದಲ್ಲಿ ಮಾಡುವುದು ಇಷ್ಟು. ಕೆಂಪು ಅಕ್ಷರ ಬಂದರೆ ಫೈಲನ್ನು ಕ್ವಾರಂಟೈನಿನಲ್ಲಿ ಇಡುತ್ತೇವೆ, ಅಳಿಸುವುದಿಲ್ಲ. ಅದರ ಹೆಸರು, ಅದು ಎಲ್ಲಿಂದ ಬಂತು, ಎಂದು ಬಂತು, ವಹಿಯಲ್ಲಿ ಬರೆಯುತ್ತೇವೆ. ಆಂಟಿವೈರಸ್ ಅಪ್‌ಡೇಟ್ ಮಾಡಿ ಒಂದೆರಡು ದಿನದ ಮೇಲೆ ಮತ್ತೆ ನೋಡುತ್ತೇವೆ; ತಪ್ಪು ಆಗಿದ್ದರೆ ಕಂಪನಿಯವರು ಅಷ್ಟರಲ್ಲಿ ತಿದ್ದಿರಬಹುದು. ಆದರೂ ಸಂಶಯ ಉಳಿದರೆ ‘ವೈರಸ್‌ಟೋಟಲ್’ಗೆ ಹಾಕಿ ಬಹಳ ಆಂಟಿವೈರಸ್‌ಗಳ ಅಭಿಪ್ರಾಯ ಕೇಳುತ್ತೇವೆ. ಸ್ಪೇನಿನ ಮಾಲಗಾದಲ್ಲಿ 2004ರಲ್ಲಿ ಹುಟ್ಟಿದ ಈ ಸೇವೆಯನ್ನು 2012ರಲ್ಲಿ ಗೂಗಲ್ ಕೊಂಡಿತು. ಆದರೆ ಅಲ್ಲಿ ಹಾಕಿದ ಫೈಲು ಬೇರೆಯವರ ಕೈಗೂ ಸಿಗಬಹುದು, ಆದ್ದರಿಂದ ಸಾತ್‌ಬಾರಾ ಉತಾರಾ, ಆಧಾರ್ ಕಾರ್ಡು, ಮಕ್ಕಳ ಗುಣಪತ್ರಿಕೆ ಅಲ್ಲಿ ಹಾಕಬಾರದು. ತಂತ್ರಾಂಶ ನಿರಪರಾಧಿ ಅಂತ ಖಾತ್ರಿಯಾದರೆ ಆ ಒಂದು ಫೈಲಿಗೆ ಮಾತ್ರ ವಿನಾಯಿತಿ ಕೊಡುತ್ತೇವೆ, ಇಡೀ ಡ್ರೈವಿಗೆ ಅಲ್ಲ.

ಮೊದಲ ಸಿಟ್ಟಿನಲ್ಲಿ ಆಂಟಿವೈರಸ್ಸನ್ನೇ ತೆಗೆದು ಒಗೆಯಬೇಕು ಅಂತ ನನಗೂ ಅನಿಸಿತ್ತು. ಸುಳ್ಳು ಎಚ್ಚರಿಕೆಯ ನಿಜವಾದ ಹಾನಿ ಅದೇ. ‘ತೋಳ ಬಂತು’ ಅಂತ ಕೂಗಿದ ಕುರುಬರ ಹುಡುಗನ ಕತೆಯಲ್ಲಿ ಕೊನೆಗೆ ತೋಳ ಬಂದೇ ಬರುತ್ತದೆ, ಕುರಿ ಹೋಗುತ್ತವೆ.

ಹುಡುಗನನ್ನು ನಾನು ಬೈಯಲಿಲ್ಲ. ಒಂದೇ ಪ್ರತಿ ಇಟ್ಟುಕೊಂಡು, ಅದಕ್ಕೂ ಬೀಗ ಹಾಕಿ, ಒಳಗೆ ಏನಿದೆ ಅಂತ ಯಾರಿಗೂ ಹೇಳದೆ ಇದ್ದವನು ನಾನು. ಈಗ ಪ್ರತಿ ಫೈಲು ಮೂರು ಕಡೆ ಇದೆ: ವಾಚನಾಲಯದ ಯಂತ್ರ, ಶಾಲೆಯ ಪೆನ್ ಡ್ರೈವ್, ನನ್ನ ಟ್ರಂಕಿನಲ್ಲಿ ಕಾಗದದ ಪ್ರತಿ. ಆ ಹುಡುಗ ರವಿವಾರಕ್ಕೊಮ್ಮೆ ನನ್ನ ಜೊತೆ ಮನೆಮನೆಗೆ ಬರುತ್ತಾನೆ. ಹೋದ ಹನ್ನೊಂದರಲ್ಲಿ ಎರಡು ಪದ ಆಯಿಯ ಸೊಸೆಯ ಬಾಯಲ್ಲಿ ಸಿಕ್ಕವು, ಒಂದು ಅರ್ಧ. ಇದನ್ನು ಓದಿದವರ ಮನೆಯಲ್ಲಿ ಬೀಸುವ ಪದ ಬಲ್ಲವರು ಇದ್ದರೆ ದಯವಿಟ್ಟು ವಾಚನಾಲಯಕ್ಕೆ ಹೇಳಿ ಕಳಸ್ರಿ, ನಾವೇ ಬರತೀವಿ.