ಗೇರುಬೀಜ ಉದ್ಯಮ (ಕರ್ನಾಟಕ)

ಗೇರುಬೀಜವನ್ನು ಒಡೆದು, ಸಿಪ್ಪೆ ಸುಲಿದು, ದರ್ಜೆವಾರು ವಿಂಗಡಿಸಿ ಗೋಡಂಬಿಯಾಗಿ ಮಾರುವ ಕೃಷಿ ಆಧಾರಿತ ಉದ್ಯಮ. ರಾಜ್ಯದಲ್ಲಿ ಇದರ ನೆಲೆ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳು. ವ್ಯಾಪಾರದ ಕೇಂದ್ರ ಮಂಗಳೂರು. ಈ ಕಾರ್ಖಾನೆಗಳು ಊರಿನ ಬೀಜವನ್ನಷ್ಟೇ ನಂಬಿ ನಡೆದವಲ್ಲ, ಆಫ್ರಿಕದಿಂದ ಹಡಗಿನಲ್ಲಿ ಬರುವ ಬೀಜ ಇವುಗಳಿಗೆ ಬಹುಕಾಲದಿಂದ ಆಸರೆ. ಪೆಟ್ರೋಲಿಯಂ ರಫ್ತನ್ನೇ ನೆಚ್ಚಿಕೊಂಡ ನೈಜೀರಿಯ ಈಗ ಗೇರನ್ನು ಮತ್ತೊಂದು ಆದಾಯದ ದಾರಿಯಾಗಿ ಬೆಳೆಸಲು ಹೊರಟಿರುವುದರಿಂದ ಕರಾವಳಿಯ ಅನುಭವವನ್ನು ಮತ್ತೆ ಪರಿಶೀಲಿಸಬೇಕಾಗಿದೆ. ಮರ ಯಾರ ನೆಲದಲ್ಲಿದೆ ಎನ್ನುವುದಕ್ಕಿಂತ ಬೀಜವನ್ನು ಯಾರು ಒಡೆಯುತ್ತಾರೆ ಎನ್ನುವುದೇ ಈ ಉದ್ಯಮದಲ್ಲಿ ಆದಾಯವನ್ನು ಹಂಚಿದೆ.

ಬೆಳೆ

ಗೇರು ಈಶಾನ್ಯ ಬ್ರೆಜಿಲಿನ ಮರ. ಮಾವಿನ ಕುಟುಂಬಕ್ಕೆ ಸೇರಿದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಇದನ್ನು ಪಶ್ಚಿಮ ಕರಾವಳಿಗೆ ತಂದರು. ಗುಡ್ಡದ ಮಣ್ಣು ಕೊಚ್ಚಿಹೋಗದಿರಲೆಂದು ನೆಟ್ಟರು ಎಂಬ ಮಾತು ಪುಸ್ತಕಗಳಲ್ಲೆಲ್ಲ ಸಿಗುತ್ತದೆ. ಹಣ್ಣಿನ ಮದ್ಯದ ಆಸೆಯೂ ಸೇರಿದ್ದಿರಬಹುದು. ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ನೀರು, ಗೊಬ್ಬರ ಕೇಳದೆ ಹಬ್ಬಿದ ಈ ಮರ ಬಹುಕಾಲ ತೋಟದ ಬೆಳೆ ಎನಿಸಿಕೊಳ್ಳಲಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳು ಹೆಕ್ಕಿದ ಬೀಜ ಊರಿನ ಅಂಗಡಿಯಲ್ಲಿ ಚಿಲ್ಲರೆ ಕಾಸಾಗುತ್ತಿತ್ತು.

ವ್ಯವಸ್ಥಿತ ಕೃಷಿ ಸ್ವಾತಂತ್ರ್ಯಾನಂತರದ್ದು. ಉಳ್ಳಾಲದ ಸಂಶೋಧನಾ ಕೇಂದ್ರದಿಂದ ಉಳ್ಳಾಲ ಸರಣಿಯ ತಳಿಗಳು ಬಂದವು. 1978ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಅರಣ್ಯ ಭೂಮಿಯಲ್ಲಿ ವಿಸ್ತಾರವಾದ ನೆಡುತೋಪುಗಳನ್ನು ನಿರ್ವಹಿಸುತ್ತದೆ. 1986ರಲ್ಲಿ ಪುತ್ತೂರಿನಲ್ಲಿ ಆರಂಭವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವೇ ಇಂದಿನ ಗೇರು ಸಂಶೋಧನಾ ನಿರ್ದೇಶನಾಲಯ. ಬೀಜ ಬಿತ್ತಿ ಬೆಳೆಸಿದ ಮರಗಳ ಇಳುವರಿ ಒಂದರಂತೆ ಇನ್ನೊಂದರದು ಇರುವುದಿಲ್ಲವಾದ್ದರಿಂದ ಕಸಿ ಗಿಡಗಳಿಗೆ ಬೇಡಿಕೆ ಬಂತು. ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ಕೀಟ ಇಂದಿಗೂ ಬೆಳೆಗಾರರ ದೊಡ್ಡ ತಲೆನೋವು.

ಬೀಜ ಒಡೆಯುವ ಕೆಲಸ

ಗೇರಿನ ಅರ್ಥಶಾಸ್ತ್ರ ತಿಳಿಯಬೇಕಾದರೆ ಅದರ ಚಿಪ್ಪನ್ನು ತಿಳಿಯಬೇಕು. ಜೇನುಗೂಡಿನಂತೆ ರಂಧ್ರಗಳಿರುವ ಈ ಚಿಪ್ಪಿನೊಳಗೆ ಕಪ್ಪು ಎಣ್ಣೆ ತುಂಬಿರುತ್ತದೆ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ಹಾಗಾಗಿ ಶೇಂಗಾದಂತೆ ಮನೆಯಲ್ಲಿ ಕೂತು ಸುಲಿಯುವಂತಿಲ್ಲ. ತಿರುಳಿನ ಆಕಾರವೂ ತೊಡಕಿನದು. ಅದು ಬಾಗಿರುತ್ತದೆ, ನಡುವೆ ಸೀಳಿರುತ್ತದೆ. ಚೂರು ಒತ್ತಿದರೆ ಎರಡು ಬೇಳೆಯಾಗಿ ಬೇರ್ಪಡುತ್ತದೆ. ಇಡೀ ತಿರುಳಿಗೂ ತುಂಡಿಗೂ ಬೆಲೆಯಲ್ಲಿ ದೊಡ್ಡ ಅಂತರವಿರುವುದರಿಂದ ಕಾರ್ಖಾನೆಯ ಲಾಭ ಕೊನೆಗೆ ಕೆಲಸಗಾರರ ಬೆರಳ ತುದಿಗೆ ಬಂದು ನಿಲ್ಲುತ್ತದೆ.

ಬೀಜವನ್ನು ಮೊದಲು ಬಿಸಿಲಿಗೆ ಹರವಿ ತೇವಾಂಶವನ್ನು ಶೇ. 8–10ಕ್ಕೆ ಇಳಿಸಿ ಗೋದಾಮಿಗೆ ಹಾಕುತ್ತಾರೆ. ಮುಂದಿನ ಹಂತಕ್ಕೆ ಹಳೆಯ ವಿಧಾನಗಳು ಎರಡು: ತಿರುಗುವ ಡ್ರಮ್ಮಿನಲ್ಲಿ ಹುರಿಯುವುದು, ಇಲ್ಲವೇ ಎಣ್ಣೆ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುವುದು. ತೊಟ್ಟಿಯಲ್ಲಿರುವುದು ಗೇರಿನ ಚಿಪ್ಪಿನದೇ ಎಣ್ಣೆ. ಅದನ್ನು ಸುಮಾರು 190–200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬೀಜವನ್ನು ಒಂದೂವರೆಯಿಂದ ಮೂರು ನಿಮಿಷ ಹಾಯಿಸುತ್ತಾರೆ. ಚಿಪ್ಪು ಗರಿಗರಿಯಾಗುತ್ತದೆ, ಒಳಗಿನ ಎಣ್ಣೆಯ ಒಂದಷ್ಟು ಭಾಗ ತೊಟ್ಟಿಗೆ ಇಳಿಯುತ್ತದೆ. ಹೀಗೆ ಹುರಿದ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಮರದ ಸುತ್ತಿಗೆಯಿಂದ ಒಂದೊಂದಾಗಿ ಒಡೆಯುತ್ತಿದ್ದವರು ಸಾಲಾಗಿ ಕೂತ ಹೆಂಗಸರು. ಕೈಗೆ ಬೂದಿ ಅಥವಾ ಹರಳೆಣ್ಣೆ ಹಚ್ಚಿಕೊಂಡರೂ ಬೆರಳು ಕಪ್ಪಾಗುವುದು ತಪ್ಪುತ್ತಿರಲಿಲ್ಲ.

ಈಗ ಹೆಚ್ಚು ಬಳಕೆಯಲ್ಲಿರುವುದು ಹಬೆಯ ವಿಧಾನ. ಬಾಯ್ಲರಿನ ಹಬೆಯಲ್ಲಿ ಬೇಯಿಸಿದ ಬೀಜವನ್ನು ಆರಲು ಬಿಟ್ಟು, ಕೈಕಾಲು ಎರಡರಿಂದಲೂ ನಡೆಸುವ ಕಟ್ಟಿಂಗ್ ಯಂತ್ರಕ್ಕೆ ಕೊಡುತ್ತಾರೆ. ಬೀಜದ ಡೊಂಕಿಗೆ ಒಪ್ಪುವಂತೆ ಬಾಗಿಸಿದ ಜೋಡಿ ಅಲಗಿನ ನಡುವೆ ಒಂದು ಬೀಜ ಇಟ್ಟು ಪೆಡಲು ತುಳಿದರೆ ಅಲಗು ಚಿಪ್ಪಿನಷ್ಟೇ ಆಳಕ್ಕೆ ಇಳಿಯುತ್ತದೆ. ಕೈಹಿಡಿಯನ್ನು ಎಳೆದಾಗ ಚಿಪ್ಪು ಬಾಯಿಬಿಡುತ್ತದೆ. ಎದುರು ಕೂತ ಇನ್ನೊಬ್ಬಾಕೆ ತಿರುಳನ್ನು ಎಬ್ಬಿಸಿ ತೆಗೆಯುತ್ತಾಳೆ.

ಆ ಬಳಿಕ ತಿರುಳು ಬೋರ್ಮಕ್ಕೆ ಹೋಗುತ್ತದೆ. ಬೋರ್ಮ ಎಂದರೆ ಬಿಸಿಗಾಳಿಯ ಕೋಣೆ. ಸುಮಾರು 70 ಡಿಗ್ರಿಯಲ್ಲಿ ಆರೆಂಟು ತಾಸು ಇಟ್ಟಾಗ ಕೆಂಪು ಸಿಪ್ಪೆ ಒಣಗಿ ಸಡಿಲಾಗುತ್ತದೆ. ತಟ್ಟೆಗಳ ಜಾಗ ಬದಲಿಸದಿದ್ದರೆ ಒಂದು ಮೂಲೆ ಸೀದು ಬಿಳಿ ಗೋಡಂಬಿ ಕಂದು ದರ್ಜೆಗೆ ಇಳಿಯುತ್ತದೆ. ಸಿಪ್ಪೆ ತೆಗೆಯುವುದು ಅತ್ಯಂತ ನಿಧಾನದ ಕೆಲಸ. ಬೋರ್ಮದಿಂದ ಬಂದ ತಿರುಳು ಅತಿ ಒಣಗಿ ಪುಡಿಯಾಗುವ ಸ್ಥಿತಿಯಲ್ಲಿರುವುದರಿಂದ ಡಬ್ಬಿಗೆ ತುಂಬುವ ಮೊದಲು ಕೊಂಚ ತೇವ ಏರಿಸುವುದೂ ಉಂಟು.

ದರ್ಜೆಗಳ ಹೆಸರಿನಲ್ಲಿ ಹಳೆಯ ಪೌಂಡಿನ ಲೆಕ್ಕ ಇನ್ನೂ ಉಳಿದಿದೆ. ಡಬ್ಲ್ಯು–320 ಎಂದರೆ ಒಂದು ಪೌಂಡಿಗೆ 300ರಿಂದ 320 ಬಿಳಿ ಇಡೀ ಗೋಡಂಬಿ. ಸಂಖ್ಯೆ ಕಡಿಮೆಯಾದಷ್ಟೂ ಗಾತ್ರ ದೊಡ್ಡದು; ಡಬ್ಲ್ಯು–180 ಎಲ್ಲಕ್ಕಿಂತ ದುಬಾರಿ ದರ್ಜೆಗಳಲ್ಲೊಂದು. ರಫ್ತಿನ ಡಬ್ಬಿ 25 ಪೌಂಡಿನದು, ಅಂದರೆ 11.34 ಕಿಲೋ. ಹಸಿ ಬೀಜದ ವ್ಯಾಪಾರವೂ ಇದೇ ಭಾಷೆಯಲ್ಲಿ ನಡೆಯುತ್ತದೆ: 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು? 50 ಎಂದರೆ ಸುಮಾರು 22.7 ಕಿಲೋ, ತೂಕದ ಶೇ. 28. ಈ ಅಂಕಿ 46ಕ್ಕೆ ಬಿದ್ದರೆ ಪ್ರತಿ ಚೀಲಕ್ಕೆ ಎರಡು ಕಿಲೋಗೆ ಸಮೀಪದ ತಿರುಳು ಕೈಬಿಟ್ಟಂತೆ. ಖರೀದಿಗೆ ಮೊದಲು ಮಾದರಿ ಬೀಜ ಕತ್ತರಿಸಿ, ತೂಗಿ ನೋಡುವ ಪದ್ಧತಿ ಇರುವುದು ಇದಕ್ಕೇ.

ಈಚಿನ ವರ್ಷಗಳಲ್ಲಿ ಸ್ವಯಂಚಾಲಿತ ಕಟ್ಟಿಂಗ್ ಯಂತ್ರ, ಗಾಳಿಯ ಒತ್ತಡದಿಂದ ಸಿಪ್ಪೆ ಬಿಡಿಸುವ ಯಂತ್ರ, ಬಣ್ಣ ನೋಡಿ ವಿಂಗಡಿಸುವ ಯಂತ್ರಗಳು ಬಂದಿವೆ. ಕೂಲಿ ಉಳಿಯುತ್ತದೆ. ಆದರೆ ಬೀಡಿಯಂತೆ ಗೇರು ಕಾರ್ಖಾನೆಯೂ ಕರಾವಳಿಯ ಹೆಂಗಸರ ಕೈಗೆ ಸ್ವಂತ ದುಡ್ಡು ತಂದ ಮೊದಲ ಕೆಲಸಗಳಲ್ಲೊಂದು ಎಂಬುದನ್ನು ಈ ಲೆಕ್ಕದಿಂದ ಬಿಡಲಾಗದು.

ಆಫ್ರಿಕದ ಬೀಜ

ರಫ್ತು ಉದ್ಯಮವಾಗಿ ಗೇರು ತಲೆಯೆತ್ತಿದ್ದು 1920ರ ದಶಕದಲ್ಲಿ. ಕೇರಳದ ಕೊಲ್ಲಂ ಒಂದು ಕೇಂದ್ರವಾದರೆ ಮಂಗಳೂರು ಇನ್ನೊಂದು. ಇಲ್ಲಿ ಕಾಫಿ ಸಂಸ್ಕರಣೆಯಲ್ಲೂ ಇದ್ದ ಪಿಯರ್ಸ್ ಲೆಸ್ಲಿ ಕಂಪನಿ ಮುಂಚೂಣಿಯಲ್ಲಿತ್ತು. ಅಮೆರಿಕಕ್ಕೆ ಹೋಗುವ ದೂರದ ಹಾದಿಯಲ್ಲಿ ಹುಳು ಬೀಳುವುದು ಆರಂಭದ ಅಡ್ಡಿ. ಡಬ್ಬಿಯ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ತುಂಬುವ ಉಪಾಯ ಬಂದ ಮೇಲೆ ಮಾರುಕಟ್ಟೆ ತೆರೆದುಕೊಂಡಿತು. ಊರಿನ ಬೀಜ ಬೇಸಿಗೆಯ ಕೆಲವು ತಿಂಗಳದ್ದು. ಕಾರ್ಖಾನೆ ವರ್ಷವಿಡೀ ನಡೆಯಬೇಕು. ಆ ಕೊರತೆಯನ್ನು ಪೂರ್ವ ಆಫ್ರಿಕದ ಬೀಜ ತುಂಬಿತು. 1970ರಲ್ಲಿ ಈ ಆಮದನ್ನು ಕೇಂದ್ರ ಸರ್ಕಾರ ಭಾರತೀಯ ಗೇರು ನಿಗಮದ ಕೈಗೆ ಕೊಟ್ಟಿತು. ಮುಂದೆ ಖಾಸಗಿಯವರಿಗೇ ಬಿಟ್ಟಿತು. ಆಮದು ಸುಂಕ ಈ ಉದ್ಯಮದ ನಿತ್ಯದ ಜಗಳ: 2018–19ರ ಕೇಂದ್ರ ಬಜೆಟ್ ಅದನ್ನು ಶೇ. 5ರಿಂದ 2.5ಕ್ಕೆ ಇಳಿಸಿತು.

ಬೀಜ ಕಳಿಸುವ ದೇಶಗಳು ತಾವೇ ಒಡೆಯಲು ಹೊರಟಾಗ ಆದದ್ದೇನು? 1970ರ ದಶಕದ ಆರಂಭದಲ್ಲಿ ಮೊಜಾಂಬಿಕ್ ಜಗತ್ತಿನಲ್ಲೇ ಹೆಚ್ಚು ಗೇರು ಬೆಳೆಯುತ್ತಿತ್ತು, ಅಲ್ಲಿ ಕಾರ್ಖಾನೆಗಳೂ ಇದ್ದವು. ಅಂತರ್ಯುದ್ಧ ತೋಟಗಳನ್ನು ಕೆಡಿಸಿತು. 1990ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕಿನ ಒತ್ತಾಯಕ್ಕೆ ಹಸಿ ಬೀಜದ ರಫ್ತು ತೆರಿಗೆ ಇಳಿಸಲಾಯಿತು. ಬೀಜ ಭಾರತಕ್ಕೆ ಹರಿದು ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅರ್ಥಶಾಸ್ತ್ರಜ್ಞರಲ್ಲಿ ಈ ಪ್ರಕರಣದ ವಾದ ಮುಗಿದಿಲ್ಲ. ತಾಂಜಾನಿಯ 1970ರ ದಶಕದಲ್ಲಿ ಸಾಲ ತಂದು ಕಟ್ಟಿದ ಯಂತ್ರಗಳ ಕಾರ್ಖಾನೆಗಳಲ್ಲಿ ಹಲವು ಬೀಜವಿಲ್ಲದೆ ಖಾಲಿ ಬಿದ್ದವು. ಇತ್ತ ವಿಯೆಟ್ನಾಂ ಯಂತ್ರ ಮತ್ತು ಕೂಲಿಯನ್ನು ಹದವಾಗಿ ಬೆರೆಸಿ, 2006ರ ಹೊತ್ತಿಗೆ ಗೋಡಂಬಿ ರಫ್ತಿನಲ್ಲಿ ಭಾರತವನ್ನು ಹಿಂದಿಕ್ಕಿತು.

ನೈಜೀರಿಯದಲ್ಲಿ 1956ರಲ್ಲಿ ಒಲೊಯ್ಬಿರಿಯಲ್ಲಿ ತೈಲ ಸಿಗುವ ಮುನ್ನ ಶೇಂಗಾ, ಕೋಕೋ, ತಾಳೆ ಎಣ್ಣೆಗಳೇ ರಫ್ತಿನ ಆಧಾರವಾಗಿದ್ದವು. ತೈಲದ ಹಣ ಬಂದ ಮೇಲೆ ಕೃಷಿ ಹಿಂದೆ ಬಿತ್ತು. ಗೇರಿನ ಮರಗಳು ಅಲ್ಲಿ ಧಾರಾಳವಾಗಿವೆ. ಬೀಜದ ಬಹುಪಾಲು ಹಸಿಯಾಗಿಯೇ ವಿಯೆಟ್ನಾಂ ಮತ್ತು ಭಾರತಕ್ಕೆ ಹೋಗುತ್ತದೆ. ಗಿಡ ನೆಡುವುದು ಸುಲಭ. ಸುಗ್ಗಿಯ ಮೂರ್ನಾಲ್ಕು ತಿಂಗಳಲ್ಲಿ ವರ್ಷದ ಬೀಜ ಕೊಂಡಿಡಲು ಬೇಕಾದ ಬ್ಯಾಂಕ್ ಸಾಲ, ಕಡಿತವಿಲ್ಲದ ಕರೆಂಟು, ನುರಿತ ಕೈಗಳು ಇವೇ ಕಷ್ಟ. ಇನ್ನು ಗಿನಿ–ಬಿಸ್ಸಾವಿನದು ಎದುರು ಉದಾಹರಣೆ: ಅಲ್ಲಿ ರಫ್ತು ಆದಾಯದ ಬಹುಭಾಗ ಗೇರುಬೀಜದ್ದೇ. ತೈಲದ ಜಾಗದಲ್ಲಿ ಹಸಿ ಬೀಜ ಬಂದು ಕೂತರೆ ಅವಲಂಬನೆಯ ಸರಕು ಬದಲಾಗುತ್ತದೆ, ಅಷ್ಟೆ.

ಎಂಡೋಸಲ್ಫಾನ್

ಸರ್ಕಾರಿ ತೋಪುಗಳಲ್ಲಿ ಗೇರನ್ನು ಬೆಳೆಸಿದ್ದಕ್ಕೆ ಗಡಿನಾಡು ತೆತ್ತ ಬೆಲೆ ಇಲ್ಲಿದೆ. ಟೀ ಸೊಳ್ಳೆಯ ನಿಯಂತ್ರಣಕ್ಕೆ ಕೇರಳದ ಕಾಸರಗೋಡಿನ ಸರ್ಕಾರಿ ಗೇರು ತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮೊದಲಾದ ಕನ್ನಡ ಹಳ್ಳಿಗಳು ತೋಪಿನ ಬುಡದಲ್ಲೇ ಇದ್ದವು. ಕುಡಿಯುವ ನೀರು ಬರುವ ಸುರಂಗಗಳೂ ತೊರೆಗಳೂ ಅದೇ ಗುಡ್ಡದವು. ಮಕ್ಕಳಲ್ಲಿ ಅಂಗವೈಕಲ್ಯ, ನರಸಂಬಂಧಿ ಕಾಯಿಲೆಗಳು ಹೆಚ್ಚಿದ್ದನ್ನು ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಹೊರಜಗತ್ತಿಗೆ ತಿಳಿಸಿದರು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಲಿನ ತೋಪುಗಳ ಬಳಿಯೂ ಇದೇ ಸ್ಥಿತಿ. ಪ್ರತಿಯೊಂದು ಕಾಯಿಲೆಗೂ ಸಿಂಪಡಣೆಯೇ ಕಾರಣವೆಂಬ ಬಗ್ಗೆ ವೈಜ್ಞಾನಿಕ ಚರ್ಚೆ ಇದ್ದರೂ ಜನವಸತಿಯ ಮೇಲೆ ವಿಷ ಸುರಿದದ್ದರಲ್ಲಿ ಚರ್ಚೆಯಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಇದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು.

ಉಪೋತ್ಪನ್ನ

ಚಿಪ್ಪಿನ ಎಣ್ಣೆ ಬ್ರೇಕ್ ಲೈನಿಂಗ್, ಬಣ್ಣ ಮತ್ತು ರಾಳಗಳ ತಯಾರಿಕೆಗೆ ಬೇಕಾದ ಕಚ್ಚಾವಸ್ತು. ಎಣ್ಣೆ ತೆಗೆದ ಚಿಪ್ಪು ಬಾಯ್ಲರಿಗೆ ಉರುವಲು. ಹಣ್ಣಿನಿಂದ ಗೋವಾ ಫೆನಿ ತೆಗೆಯುತ್ತದೆ. ಕರ್ನಾಟಕದಲ್ಲಿ ಹಣ್ಣಿನ ಬಹುಪಾಲು ಮರದಡಿಯಲ್ಲೇ ಕೊಳೆಯುತ್ತದೆ.

ಮೈದಾನ ಸೀಮೆ

ಬಯಲಿನಲ್ಲಿ ಚಿಂತಾಮಣಿಯ ಸಂಶೋಧನಾ ಕೇಂದ್ರ ಒಣಪ್ರದೇಶಕ್ಕೆ ಒಗ್ಗುವ ಗೇರು ತಳಿಗಳನ್ನು ಕೊಟ್ಟಿದೆ. ಕಲಬುರಗಿ ಸೀಮೆಯಲ್ಲಿ ಗೇರು ಉದ್ಯಮಕ್ಕೆ ಹೋಲಿಕೆ ಹುಡುಕುವುದಾದರೆ ತೊಗರಿ. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ದೊರೆಯಿತು. ತೊಗರಿ ಬೆಳೆಗಾರರ ಮುಂದಿರುವ ಪ್ರಶ್ನೆ ಮಂಗಳೂರಿನದಕ್ಕೆ ತಲೆಕೆಳಗು: 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ತೊಗರಿ ಆಮದಿಗೆ ಒಪ್ಪಂದ ಮಾಡಿಕೊಂಡಿತು. ಗೇರು ಕಾರ್ಖಾನೆಯವರು ಆಫ್ರಿಕದ ಹಡಗು ಬೇಗ ಬರಲಿ ಎಂದರೆ, ಕಲಬುರಗಿಯ ತೊಗರಿ ರೈತರು ತಮ್ಮ ರಾಶಿ ಗಂಜ್ ಮಾರುಕಟ್ಟೆಗೆ ಬರುವ ಹೊತ್ತಿನಲ್ಲಿ ಅದು ಬಾರದಿರಲಿ ಎನ್ನುತ್ತಾರೆ.