ಕಿಣ್ವ

ಕಬ್ಬಿನ ಸೀಮೆಯಾದ ಹಾರೂಗೇರಿಯಲ್ಲಿ ‘ಸಕ್ಕರಿ ಬ್ಯಾನಿ’ (ಮಧುಮೇಹ) ಗೊತ್ತಿಲ್ಲದ ಮನೆ ಅಪರೂಪ. ರಕ್ತದ ಹನಿ ಬಿದ್ದೊಡನೆ ಅದರಲ್ಲಿನ ಸಕ್ಕರೆಯನ್ನು ಅಳೆಯುವ ಪಟ್ಟಿಯ ತುದಿಯಲ್ಲಿ ಒಣಗಿಸಿ ಬಳಿದಿರುವುದು ಕಿಣ್ವ (ಎನ್‌ಜೈಮ್), ಅಂದರೆ ಒಂದು ಪ್ರೋಟೀನ್.

ಪದ ಬಹಳ ಹಳೆಯದು. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯ ಹುಳಿಯಲು ಬೆರೆಸುತ್ತಿದ್ದ ಹುದುಗು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಬರುತ್ತದೆ. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಕಟ್ಟಿದ ‘ಎನ್‌ಜೈಮ್’ ಪದಕ್ಕೂ ಗ್ರೀಕಿನಲ್ಲಿ ‘ಯೀಸ್ಟಿನೊಳಗೆ’ ಎಂಬುದೇ ಮೂಲ. ಹಾಗಾಗಿ ಕನ್ನಡದ ಆಯ್ಕೆ ನನಗೆ ತುಂಬ ಸರಿಯೆನಿಸುತ್ತದೆ. ಗಡಿಯಾಚೆಯ ಮರಾಠಿ ಪಠ್ಯಗಳಲ್ಲಿ ಮಾತ್ರ ಕಿಣ್ವವೆಂದರೆ ಯೀಸ್ಟ್. ನಮ್ಮ ಕಿಣ್ವ ಅಲ್ಲಿ ‘ವಿಕರ’. ಎರಡೂ ಭಾಷೆಯಲ್ಲಿ ಓದುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು.

ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ದಾರಿಯನ್ನು 1962ರಲ್ಲಿ ಅಮೆರಿಕದ ಕ್ಲಾರ್ಕ್ ಮತ್ತು ಲಯನ್ಸ್ ತೋರಿಸಿದರು. ಇಂದಿನ ಪಟ್ಟಿಯಲ್ಲಿ ಕಿಣ್ವವು ಗ್ಲೂಕೋಸಿನಿಂದ ಎಲೆಕ್ಟ್ರಾನ್ ಕಿತ್ತು ವಿದ್ಯುದ್ವಾರದತ್ತ ದಾಟಿಸುತ್ತದೆ. ಸಕ್ಕರೆ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಕಷ್ಟವಿರುವುದು ಗುರುತು ಹಿಡಿಯುವುದರಲ್ಲಿ. ಒಂದು ಬಗೆಯ ಕಿಣ್ವ ಮಾಲ್ಟೋಸನ್ನೂ ಗ್ಲೂಕೋಸೆಂದು ಎಣಿಸಿ ರೋಗಿಗೆ ಅಪಾಯವಾಗುವಷ್ಟು ಹೆಚ್ಚಿನ ಅಂಕಿ ತೋರಿಸುತ್ತಿತ್ತು. ಅದರ ಅಮೈನೋ ಆಮ್ಲಗಳನ್ನು ಬದಲಿಸಿ, ಗ್ಲೂಕೋಸನ್ನೇ ಹೆಚ್ಚು ನಿಖರವಾಗಿ ಹಿಡಿಯುವಂತೆ ವಿಜ್ಞಾನಿಗಳು ಆ ಪ್ರೋಟೀನನ್ನು ತಿದ್ದಿದ್ದಾರೆ.